ಗಾಳಿ ಏಳುವ ಮೊದಲು: ಮುರುಡೇಶ್ವರದಿಂದ ನೇತ್ರಾಣಿಗೆ ಅರ್ಧ ದಿನದ ದೋಣಿ ಪ್ರಯಾಣ

ಮುರುಡೇಶ್ವರದ ಕಂದುಕಗಿರಿಯ ಮೇಲೆ ನಿಂತು ಪಡುವಣಕ್ಕೆ ನೋಡಿದರೆ, ಆಕಾಶ ತಿಳಿಯಾಗಿರುವ ದಿನಗಳಲ್ಲಿ, ಕಡಲಿನ ಅಂಚಿಗೆ ಅಂಟಿಕೊಂಡಂತೆ ಒಂದು ಗುಡ್ಡದ ಛಾಯೆ ಕಾಣಿಸುತ್ತದೆ. ಅದೇ ನೇತ್ರಾಣಿ. ದಡದಿಂದ ಸುಮಾರು 10 ನಾಟಿಕಲ್ ಮೈಲಿ, ಎಂದರೆ 19 ಕಿಲೋಮೀಟರ್ ದೂರದಲ್ಲಿರುವ ಈ ನಿರ್ಜನ ದ್ವೀಪದ ಮಗ್ಗುಲಿಗೆ ಬೆಳಿಗ್ಗೆ ದೋಣಿಯಲ್ಲಿ ಹೋಗಿ, ಲಂಗರು ಹಾಕಿ, ನೀರಿಗಿಳಿದು ಹವಳದ ಬಂಡೆಗಳ ಮೇಲೆ ಈಜಾಡಿ, ದೋಣಿಯಲ್ಲೇ ಬುತ್ತಿ ಬಿಚ್ಚಿ ತಿಂದು, ಮಧ್ಯಾಹ್ನದ ಊಟದ ಹೊತ್ತಿಗೆ ಮರಳಿ ದಡ ಸೇರುವ ಪ್ರಯಾಣವು ನಮ್ಮ ಕರಾವಳಿಯಲ್ಲಿ ಸಾಮಾನ್ಯ ಕುಟುಂಬವೊಂದು ಕೈಗೊಳ್ಳಬಹುದಾದ ಅತ್ಯಂತ ಚೆಲುವಾದ ಅರ್ಧ ದಿನ ಎಂದು ನಾನು ನಂಬಿದ್ದೇನೆ. ಅದು ಚೆಲುವಾಗಿಯೇ ಮುಗಿಯಬೇಕಾದರೆ ಒಂದು ಸಂಗತಿಯನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು: ಈ ಪ್ರಯಾಣದ ಗಡಿಯಾರ ನಮ್ಮ ಕೈಯಲ್ಲಿಲ್ಲ, ಗಾಳಿಯ ಕೈಯಲ್ಲಿದೆ.

ಮಳೆಗಾಲ ಕಳೆದ ಮೇಲಿನ ತಿಂಗಳುಗಳಲ್ಲಿ ರಾತ್ರಿಯಿಡೀ ನೆಲ ತಣಿಯುವುದರಿಂದ ಮುಂಜಾನೆ ಗಾಳಿಯು ನೆಲದ ಕಡೆಯಿಂದ ಕಡಲಿಗೆ ಹಗುರವಾಗಿ ಬೀಸುತ್ತದೆ, ನೀರಿನ ಮೇಲ್ಮೈ ಬಹುತೇಕ ಸಮನಾಗಿರುತ್ತದೆ. ಬಿಸಿಲೇರಿ ನೆಲ ಕಾದಂತೆ ಗಾಳಿ ತಿರುಗುತ್ತದೆ. ನಡು ಹಗಲಿನ ಸುಮಾರಿಗೆ ಪಶ್ಚಿಮ ಮತ್ತು ವಾಯವ್ಯ ದಿಕ್ಕುಗಳಿಂದ ಏಳುವ ಕಡಲಗಾಳಿಯು ಮಧ್ಯಾಹ್ನ ಬಲಗೊಂಡು ನೀರನ್ನು ಸಣ್ಣ ಸಣ್ಣ ಚೂಪು ಅಲೆಗಳಾಗಿ ಕಡೆಯತೊಡಗುತ್ತದೆ. ಆದ್ದರಿಂದ ಬೆಳಿಗ್ಗೆ 7ರಿಂದ 8ರ ಒಳಗೆ ಹೊರಡುವ ದೋಣಿಯೇ ನಮ್ಮ ದೋಣಿ. ಹತ್ತು ಗಂಟೆಗೆ ಹೊರಡುವ ಎರಡನೆಯ ಸರದಿಯಲ್ಲಿ ಹಣ ಸ್ವಲ್ಪ ಕಡಿಮೆ ಎಂದು ಯಾರಾದರೂ ಹೇಳಿದರೂ, ಮಕ್ಕಳು ಮತ್ತು ಹಿರಿಯರು ಜೊತೆಗಿದ್ದರೆ ಆ ಉಳಿತಾಯಕ್ಕೆ ಮನಸೋಲಬಾರದು. ಹಿಂದಿನ ದಿನದ ನಿದ್ದೆ, ಬೆಳಗಿನ ಉಪಾಹಾರ, ನೀರಿನಲ್ಲಿ ಕಳೆಯುವ ಹೊತ್ತು, ಬುತ್ತಿ ಬಿಚ್ಚುವ ಸಮಯ, ಎಲ್ಲವನ್ನೂ ಈ ಒಂದು ಲೆಕ್ಕದಿಂದಲೇ ಹಿಮ್ಮುಖವಾಗಿ ಯೋಜಿಸಿಕೊಳ್ಳಬೇಕು.

ದಿನವನ್ನು ಆರಿಸುವುದು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಪ್ರಯಾಣದ ಮಾತೇ ಇಲ್ಲ. ಮುಂಗಾರಿನಲ್ಲಿ ಕಡಲು ಹುಚ್ಚೆದ್ದಿರುತ್ತದೆ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೇ ನಿಷೇಧವಿರುತ್ತದೆ. ಅಕ್ಟೋಬರ್‌ನಲ್ಲಿ ದೋಣಿಗಳು ಆರಂಭವಾದರೂ ಮಳೆನೀರು ತಂದ ಮಣ್ಣು ಪೂರ್ತಿ ತಳ ಕಂಡಿರುವುದಿಲ್ಲ. ಡಿಸೆಂಬರ್‌ನಿಂದ ಫೆಬ್ರವರಿಯವರೆಗಿನ ಅವಧಿಯಲ್ಲಿ ನೀರು ಅತ್ಯಂತ ತಿಳಿಯಾಗಿರುತ್ತದೆ, ಬೆಳಗಿನ ಗಾಳಿಯೂ ನಂಬಿಕೆಗೆ ಅರ್ಹವಾಗಿರುತ್ತದೆ. ಮಾರ್ಚ್ ಕಳೆದ ಮೇಲೆ ಬಿಸಿಲಿನ ಬಾಧೆ ಹೆಚ್ಚು, ಗಾಳಿ ಬೇಗ ಏಳುತ್ತದೆ. ಜೊತೆಗೆ ಹಿಂದೂ ಮಹಾಸಾಗರದ ದಕ್ಷಿಣದ ತುದಿಯಲ್ಲಿ ಎಲ್ಲೋ ಎದ್ದ ಬಿರುಗಾಳಿಯ ಉದ್ದನೆಯ ಅಲೆಗಳು ಇಲ್ಲಿ ಗಾಳಿಯ ಸುಳಿವೇ ಇಲ್ಲದಿದ್ದಾಗಲೂ ಬಂದು ದಡಕ್ಕೆ ಅಪ್ಪಳಿಸುವುದುಂಟು. ಕೇರಳದ ಮೀನುಗಾರರು ಇದನ್ನು ಕಳ್ಳಕ್ಕಡಲ್, ಎಂದರೆ ಕಳ್ಳನಂತೆ ಬರುವ ಕಡಲು, ಎಂದು ಕರೆಯುತ್ತಾರೆ.

ದಿನ ನಿಶ್ಚಯಿಸಿದ ಮೇಲೆ ಹಿಂದಿನ ಎರಡು ದಿನ ಹವಾಮಾನ ಇಲಾಖೆಯು ಮೀನುಗಾರರಿಗಾಗಿ ನೀಡುವ ಮುನ್ಸೂಚನೆಯನ್ನೂ, ಹೈದರಾಬಾದಿನಲ್ಲಿರುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು ಪ್ರಕಟಿಸುವ ಅಲೆಯ ಎತ್ತರದ ಮುನ್ನೆಚ್ಚರಿಕೆಯನ್ನೂ ನೋಡುವ ಅಭ್ಯಾಸವಿರಲಿ. ಉತ್ತರ ಕನ್ನಡದ ಕರಾವಳಿಗೆ ಎಚ್ಚರಿಕೆ ಇದ್ದರೆ ಪ್ರಯಾಣವನ್ನು ಮುಂದಕ್ಕೆ ಹಾಕುವುದೇ ಸರಿ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಭರತ ಇಳಿತಗಳ ಅಂತರ ಹೆಚ್ಚಿ ದ್ವೀಪದ ಸುತ್ತಲಿನ ನೀರಿನ ಸೆಳೆತವೂ ಹೆಚ್ಚುವುದರಿಂದ, ಆಯ್ಕೆಯ ಅವಕಾಶವಿರುವವರು, ಅದರಲ್ಲೂ ಮೊದಲ ಬಾರಿ ಕಡಲಿನಲ್ಲಿ ಈಜುವವರು, ಅಷ್ಟಮಿಯ ಸುಮಾರಿನ ದಿನವನ್ನು ಆರಿಸಿಕೊಂಡರೆ ನೀರು ಹೆಚ್ಚು ಸೌಮ್ಯವಾಗಿ ಸಿಗುತ್ತದೆ. ಪಂಚಾಂಗ ನೋಡುವ ಮನೆಗಳಲ್ಲಿ ಇದು ಕಷ್ಟದ ಕೆಲಸವಲ್ಲ.

ದೋಣಿಯನ್ನು ಆರಿಸುವುದು

ಮುರುಡೇಶ್ವರದಲ್ಲಿ ಎರಡು ಬಗೆಯ ಪ್ರಯಾಣಗಳು ಸಿಗುತ್ತವೆ. ಒಂದು, ಮುಖಕ್ಕೆ ಗಾಜಿನ ಮಾಸ್ಕ್ ಕಟ್ಟಿ, ಬಾಯಿಗೆ ಸ್ನಾರ್ಕೆಲ್ ಕೊಳವೆ ಕಚ್ಚಿಕೊಂಡು, ಲೈಫ್ ಜಾಕೆಟ್ ಸಹಿತ ನೀರಿನ ಮೇಲ್ಮೈಯಲ್ಲೇ ತೇಲುತ್ತ ಕೆಳಗಿನ ಲೋಕವನ್ನು ನೋಡುವುದು. ಇನ್ನೊಂದು, ಗಾಳಿಯ ಸಿಲಿಂಡರ್ ಹೊತ್ತು ಬೋಧಕರ ಕೈಹಿಡಿದು ಕೆಳಗಿಳಿಯುವ ಸ್ಕೂಬಾ. ಕುಟುಂಬದೊಡನೆ ಹೋಗುವವರಿಗೆ ಮೊದಲನೆಯದೇ ಸಾಕು; ಮೂರು ತಲೆಮಾರಿನವರು ಒಟ್ಟಿಗೆ ಸಂತೋಷಪಡಬಹುದಾದದ್ದು ಅದೊಂದೇ. ಹೃದ್ರೋಗ, ಅಸ್ತಮಾ, ಮೂರ್ಛೆ ಅಥವಾ ಕಿವಿಯ ತೊಂದರೆ ಇರುವವರೂ ಗರ್ಭಿಣಿಯರೂ ನೀರಿಗಿಳಿಯುವ ಮಾತನ್ನು ವೈದ್ಯರ ಬಳಿ ಆಡಿಯೇ ನಿರ್ಧರಿಸಬೇಕು.

ಹಣ ಕೊಡುವ ಮೊದಲು ಕೇಳಬೇಕಾದ ಪ್ರಶ್ನೆಗಳಿವೆ, ಕೇಳಲು ಸಂಕೋಚಪಡಬಾರದು. ದೋಣಿಗೆ ಬಂದರು ಇಲಾಖೆಯ ಪರವಾನಗಿ ಇದೆಯೇ, ಅದರಲ್ಲಿ ಎಷ್ಟು ಜನರಿಗೆ ಅನುಮತಿ ಇದೆ, ಅಂದು ಎಷ್ಟು ಜನರನ್ನು ಹತ್ತಿಸುತ್ತಾರೆ, ಮಕ್ಕಳ ಅಳತೆಯ ಲೈಫ್ ಜಾಕೆಟ್‌ಗಳಿವೆಯೇ, ಒಂದು ಇಂಜಿನ್ ಕೈಕೊಟ್ಟರೆ ಇನ್ನೊಂದು ಇದೆಯೇ, ದಡದೊಡನೆ ಮಾತನಾಡಲು ವೈರ್‌ಲೆಸ್ ಇದೆಯೇ, ನೀರಿನಿಂದ ದೋಣಿ ಹತ್ತಲು ಏಣಿ ಇದೆಯೇ, ಈಜುವಾಗ ನಮ್ಮೊಡನೆ ನೀರಿನಲ್ಲಿ ಎಷ್ಟು ಜನ ಮಾರ್ಗದರ್ಶಕರಿರುತ್ತಾರೆ ಎಂಬುದನ್ನು ಒಂದೊಂದಾಗಿ ಕೇಳಿ ತಿಳಿದುಕೊಳ್ಳಿರಿ. ದ್ವೀಪದ ಮಗ್ಗುಲಿನಲ್ಲಿ ಮೊಬೈಲ್ ಸಂಪರ್ಕವನ್ನು ನೆಚ್ಚಿಕೊಳ್ಳಲಾಗದು ಎಂಬ ಕಾರಣಕ್ಕೆ ವೈರ್‌ಲೆಸ್ಸಿನ ಪ್ರಶ್ನೆಯನ್ನು ಬಿಡಲೇಬಾರದು. ಈ ಪ್ರಶ್ನೆಗಳಿಗೆ ಬೇಸರಿಸುವವರ ದೋಣಿಯನ್ನು ನಾನು ಹತ್ತುವುದಿಲ್ಲ. 2019ರ ಜನವರಿ 21ರಂದು ಕಾರವಾರದ ಎದುರಿನ ಕೂರ್ಮಗಡ ದ್ವೀಪದ ಜಾತ್ರೆ ಮುಗಿಸಿ ಮರಳುತ್ತಿದ್ದ, ಮಿತಿಗಿಂತ ಹೆಚ್ಚು ಜನರನ್ನು ಹೊತ್ತಿದ್ದ ದೋಣಿಯೊಂದು ಅಲೆಗೆ ಸಿಕ್ಕಿ ಮಗುಚಿ 16 ಮಂದಿ ತೀರಿಕೊಂಡರು. ದೂರದ ಕಡಲಿನಲ್ಲಲ್ಲ, ದಡ ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿ. ಆ ದಿನದ ನೆನಪಿರುವ ಯಾವ ಕರಾವಳಿಗನೂ ‘ಇನ್ನಿಬ್ಬರು ಹತ್ತಿದರೆ ಏನಾಗುತ್ತದೆ’ ಎಂಬ ಮಾತನ್ನು ಹಗುರವಾಗಿ ಆಡಲಾರನು.

ದರದಲ್ಲಿ ಏನೇನು ಸೇರಿದೆ ಎಂಬುದನ್ನೂ, ಹವಾಮಾನದ ಕಾರಣಕ್ಕೆ ದೋಣಿ ಹೊರಡದಿದ್ದರೆ ಹಣ ಮರಳುತ್ತದೆಯೇ ಎಂಬುದನ್ನೂ ಬರಹದಲ್ಲಿ ಪಡೆದುಕೊಳ್ಳಿರಿ. ಹಣ ಮರಳದು ಎಂಬ ಭಯವೇ ಎಷ್ಟೋ ಸಲ ಜನರನ್ನು ಹೋಗಬಾರದ ದಿನ ಕಡಲಿಗೆ ನೂಕುತ್ತದೆ. ಗುರುತಿನ ಚೀಟಿಯನ್ನು ಕೇಳುತ್ತಾರೆ. ಅದರ ನಕಲು ಜೊತೆಗಿರಲಿ.

ಹಿಂದಿನ ರಾತ್ರಿ

ಬೆಂಗಳೂರಿನಿಂದ ರಾತ್ರಿ ಬಸ್ಸು ಅಥವಾ ರೈಲು ಹಿಡಿದು, ಬೆಳಿಗ್ಗೆ ಮುರುಡೇಶ್ವರದಲ್ಲಿ ಇಳಿದು, ಮುಖ ತೊಳೆದು ನೇರವಾಗಿ ದೋಣಿ ಹತ್ತುವ ಯೋಜನೆಯನ್ನು ಹಲವರು ಹಾಕುತ್ತಾರೆ. ಒಂದು ದಿನದ ರಜೆ ಉಳಿಯುತ್ತದೆ ನಿಜ, ಆದರೆ ಕಡಲ ಪ್ರಯಾಣದ ವಾಂತಿಗೆ ನಿದ್ದೆಗೆಟ್ಟ ದೇಹಕ್ಕಿಂತ ಸುಲಭದ ತುತ್ತು ಬೇರೊಂದಿಲ್ಲ. ಘಟ್ಟದ ತಿರುವುಗಳಲ್ಲಿ ರಾತ್ರಿಯಿಡೀ ಹೊಯ್ದಾಡಿದ ಹೊಟ್ಟೆಯನ್ನು ಮರುಗಳಿಗೆಯೇ ಅಲೆಗೆ ಒಪ್ಪಿಸುವುದು ಅದಕ್ಕೆ ಮಾಡುವ ಅನ್ಯಾಯ. ಹಿಂದಿನ ಮಧ್ಯಾಹ್ನವೇ ಬಂದು, ದೇವಸ್ಥಾನ ನೋಡಿ, ದಡದಲ್ಲಿ ಸ್ವಲ್ಪ ಅಡ್ಡಾಡಿ, ರಾತ್ರಿ ಹಗುರವಾಗಿ ಉಂಡು ಬೇಗ ಮಲಗುವುದು ಉತ್ತಮ. ಮುರುಡೇಶ್ವರದಲ್ಲಿ ಕೋಣೆ ಸಿಗದಿದ್ದರೆ ಭಟ್ಕಳ ಅಥವಾ ಹೊನ್ನಾವರದಲ್ಲಿ ತಂಗಿದರೂ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಬೆಳಿಗ್ಗೆ ಬೇಗ ತಲುಪಬಹುದು. ಆ ರಾತ್ರಿ ಮದ್ಯಪಾನ ಬೇಡ. ಮರುದಿನ ನೀರಿಗಿಳಿಯುವ ಮೊದಲಂತೂ ಅದು ಸರ್ವಥಾ ನಿಷಿದ್ಧ.

ಪ್ರಯಾಣದಲ್ಲಿ ವಾಂತಿಯಾಗುವ ಅಭ್ಯಾಸವಿರುವವರು ಅದಕ್ಕೆಂದು ಕೊಡುವ ಮಾತ್ರೆಯನ್ನು ವೈದ್ಯರನ್ನು ಕೇಳಿ ಮೊದಲೇ ತಂದಿಟ್ಟುಕೊಂಡು, ದೋಣಿ ಹೊರಡುವುದಕ್ಕೆ ಅರ್ಧದಿಂದ ಒಂದು ಗಂಟೆ ಮೊದಲು ನುಂಗಬೇಕು. ತಲೆ ತಿರುಗತೊಡಗಿದ ಮೇಲೆ ನುಂಗಿದ ಮಾತ್ರೆ ಹೊಟ್ಟೆಯಲ್ಲಿ ನಿಲ್ಲುವುದೇ ಇಲ್ಲ. ಇಂಥ ಕೆಲವು ಮಾತ್ರೆಗಳು ಮಂಪರು ತರುತ್ತವೆ. ಮಂಪರಾದವರು ನೀರಿಗಿಳಿಯದೆ ದೋಣಿಯಲ್ಲೇ ಕುಳಿತು ನೋಡುವುದು ಕ್ಷೇಮ. ಮಕ್ಕಳಿಗೆ ದೊಡ್ಡವರ ಮಾತ್ರೆಯನ್ನು ಮುರಿದು ಕೊಡುವ ಪದ್ಧತಿ ಸಲ್ಲದು.

ಬೆಳಗಿನ ಉಪಾಹಾರ ಮತ್ತು ದೋಣಿಯ ಬುತ್ತಿ

ಊಟ ತಿಂಡಿಯ ವಿಷಯವನ್ನು ಪ್ರವಾಸಿಗಳು ಕೊನೆಗೆ ಯೋಚಿಸುತ್ತಾರೆ. ನನ್ನ ಅನುಭವದಲ್ಲಿ ಈ ಪ್ರಯಾಣದ ಸುಖದ ಅರ್ಧ ಪಾಲು ಅದರಲ್ಲೇ ಇದೆ. ಮೊದಲ ಬಾರಿ ಹೋದಾಗ ನಾನು ಬಿಸಿ ಬನ್ಸು ಮತ್ತು ಗೋಳಿಬಜೆಯನ್ನು ಮನಸಾರೆ ತಿಂದು, ಮೇಲೆ ಒಂದು ಲೋಟ ಗಟ್ಟಿ ಕಾಫಿ ಕುಡಿದು ಹೊರಟಿದ್ದೆ. ಅರ್ಧ ದಾರಿಯಲ್ಲೇ ಎಲ್ಲವೂ ಮೀನುಗಳ ಪಾಲಾಯಿತು, ನೇತ್ರಾಣಿಯ ಮುಂದೆ ನೀರಿಗಿಳಿಯಲೂ ಆಗದೆ ಮಲಗಿದ್ದೆ. ಎಣ್ಣೆಯಲ್ಲಿ ಕರಿದದ್ದು, ಮಸಾಲೆ ಹೆಚ್ಚಾದದ್ದು, ಹಾಲು ತುಂಬಿದ ಕಾಫಿ ಚಹಾ ಯಾವುವೂ ಆ ಬೆಳಿಗ್ಗೆ ಬೇಡ. ಹಾಗೆಂದು ಖಾಲಿ ಹೊಟ್ಟೆಯಲ್ಲಿ ಹೋಗುವುದೂ ತಪ್ಪು. ಖಾಲಿ ಹೊಟ್ಟೆ ಇನ್ನೂ ಬೇಗ ತೊಳಸುತ್ತದೆ. ಹೊರಡುವುದಕ್ಕೆ ಒಂದೂವರೆ ಗಂಟೆ ಮೊದಲು ಎರಡು ಇಡ್ಲಿ, ಕೊಟ್ಟೆ ಕಡುಬು ಸಿಕ್ಕಿದರೆ ಒಂದು ಕೊಟ್ಟೆ, ಅಥವಾ ಉಪ್ಪು ಹಾಕಿದ ಗಂಜಿ ಉಂಡರೆ ಸರಿಯಾದ ಆಧಾರ ಸಿಗುತ್ತದೆ.

ಸಾಮಾನ್ಯವಾಗಿ ದೋಣಿಯವರೇ ಬಿಸ್ಕತ್ತು, ಹಣ್ಣು, ನೀರು ಇಷ್ಟನ್ನು ಕೊಡುತ್ತಾರೆ. ಅದು ಸಾಲುವುದಿಲ್ಲ. ನೀರಿನಲ್ಲಿ ಮುಕ್ಕಾಲು ಗಂಟೆ ಕಳೆದು ಮೇಲೆ ಬಂದವರ ಹಸಿವು ಎಂಥದೆಂದು ಒಮ್ಮೆ ಕಂಡವರಿಗೇ ಗೊತ್ತು. ಮನೆಯ ಬುತ್ತಿಯಲ್ಲಿ ಏನಿರಬೇಕೆಂಬುದಕ್ಕೆ ನಾನು ಮೂರು ಪರೀಕ್ಷೆಗಳನ್ನು ಇಟ್ಟುಕೊಂಡಿದ್ದೇನೆ: ಬಿಸಿಲಿನಲ್ಲಿ ಐದಾರು ಗಂಟೆ ಹಳಸದೆ ಇರಬೇಕು, ಒಂದೇ ಕೈಯಲ್ಲಿ ತಿನ್ನುವಂತಿರಬೇಕು, ಪಕ್ಕದವರ ಹೊಟ್ಟೆ ತೊಳಸುವಂಥ ವಾಸನೆ ಇರಬಾರದು. ಈ ಮೂರನೆಯ ಕಾರಣಕ್ಕೆ ಹುರಿದ ಮೀನು, ಮೊಟ್ಟೆ, ಉಪ್ಪಿನಕಾಯಿಗಳನ್ನು ದಡದ ಊಟಕ್ಕೆ ಬಿಡಬೇಕು. ಹಸಿ ತೆಂಗಿನಕಾಯಿಯ ಚಟ್ನಿ ಮೊದಲ ಪರೀಕ್ಷೆಯಲ್ಲೇ ಸೋಲುತ್ತದೆ.

ಗೆಲ್ಲುವವು ಹಲವಿವೆ. ತೆಳು ಅವಲಕ್ಕಿಯನ್ನು ಶೇಂಗಾ, ಕರಿಬೇವು, ಒಣ ಕೊಬ್ಬರಿಯ ಚೂರಿನೊಡನೆ ಒಗ್ಗರಿಸಿ ಗರಿಗರಿಯಾಗಿ ಹುರಿದುಕೊಂಡರೆ ಅದಕ್ಕಿಂತ ಒಳ್ಳೆಯ ದೋಣಿ ತಿಂಡಿ ಇಲ್ಲ, ಆದರೆ ಗಾಳಿಗೆ ಹಾರುವುದರಿಂದ ಅಗಲ ತಟ್ಟೆಯ ಬದಲು ಬಾಯಿ ಕಿರಿದಾದ ಡಬ್ಬಿಗಳಲ್ಲಿ ಒಬ್ಬೊಬ್ಬರಿಗೆ ಬೇರೆಯಾಗಿ ತುಂಬಬೇಕು. ಬೇಯಿಸಿ ಉಪ್ಪು ಸವರಿದ ಗೆಣಸಿನ ತುಂಡುಗಳು, ಚಕ್ಕುಲಿ, ಶೇಂಗಾ ಚಿಕ್ಕಿ, ಸಿಪ್ಪೆಯಲ್ಲೇ ಬರುವ ಬಾಳೆಹಣ್ಣು ಮತ್ತು ಕಿತ್ತಳೆ ಎಲ್ಲವೂ ಸೊಗಸು. ಕಲ್ಲಂಗಡಿಯನ್ನು ಮನೆಯಲ್ಲೇ ಹೋಳು ಮಾಡಿ ಮುಚ್ಚಳದ ಪಾತ್ರೆಯಲ್ಲಿ ತಂದರೆ, ಉಪ್ಪುನೀರು ಕುಡಿದು ಒಣಗಿದ ಬಾಯಿಗೆ ಅದು ಅಮೃತವಾಗುತ್ತದೆ. ಕುಡಿಯಲು ಮುರುಗಲು ಹಣ್ಣಿನ ಪಾನಕ. ಇದಕ್ಕೆ ಬೆಲ್ಲದ ಜೊತೆ ಒಂದು ಚಿಟಿಕೆ ಉಪ್ಪು, ಸ್ವಲ್ಪ ಜೀರಿಗೆ ಪುಡಿ ಬಿದ್ದಿರಬೇಕು. ಹೊಟ್ಟೆ ತೊಳಸುವವರಿಗೆ ಒಣ ಶುಂಠಿಯ ತುಂಡು ಅಥವಾ ಶುಂಠಿ ಪೆಪ್ಪರಮಿಂಟು ಜೇಬಿನಲ್ಲಿರಲಿ. ಕುಡಿಯುವ ನೀರು ತಲೆಗೆ ಒಂದು ಲೀಟರಿಗೆ ಕಡಿಮೆಯಾಗದಂತೆ ಬೇಕು, ಅದಲ್ಲದೆ ತಿನ್ನುವ ಮೊದಲು ಕೈಯ ಉಪ್ಪು ತೊಳೆಯಲು ಒಂದು ಬಾಟಲಿ ಸಿಹಿನೀರು ಬೇರೆ. ಎಲ್ಲವೂ ಮರುಬಳಕೆಯ ಡಬ್ಬಿ ಬಾಟಲಿಗಳಲ್ಲಿ ಬಂದು, ಸಿಪ್ಪೆ ಸಹಿತ ಎಲ್ಲವೂ ದಡಕ್ಕೆ ಮರಳಬೇಕು. ಮೀನುಗಳಿಗೆ ಬಿಸ್ಕತ್ತು ಎಸೆಯುವುದನ್ನು ಜನರು ಪ್ರೀತಿಯಿಂದಲೇ ಮಾಡುತ್ತಾರೆ, ಆದರೂ ಅದು ತಪ್ಪು. ಹವಳದ ಮೇಲಿನ ಪಾಚಿ ಮೇಯುವುದೇ ಕೆಲವು ಮೀನುಗಳ ಕೆಲಸ, ಆ ಕೆಲಸ ನಿಂತರೆ ಪಾಚಿ ಹವಳವನ್ನು ಮುಚ್ಚುತ್ತದೆ.

ಯಾವಾಗ ತಿನ್ನಬೇಕು? ಹೋಗುವಾಗ ಏನೂ ಬೇಡ, ಒಂದೆರಡು ಗುಟುಕು ನೀರು ಸಾಕು. ಬುತ್ತಿ ಬಿಚ್ಚುವುದು ಈಜು ಮುಗಿದ ಮೇಲೆ, ದೋಣಿ ಇನ್ನೂ ದ್ವೀಪದ ಮರೆಯಲ್ಲಿ ಲಂಗರು ಹಾಕಿ ನಿಂತಿರುವಾಗಲೇ. ಹೊರಟ ಮೇಲೆ ತಿನ್ನೋಣ ಎಂದುಕೊಂಡರೆ ಅಷ್ಟರಲ್ಲಿ ಗಾಳಿ ಎದ್ದು ದೋಣಿ ಕುಣಿಯತೊಡಗಿರುತ್ತದೆ.

ಉಡುಪಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೇಗ ಒಣಗುವ, ಮೈಗೆ ಅಂಟುವ, ತುಂಬು ತೋಳಿನ ಬಟ್ಟೆ ಬೇಕು. ಸೀರೆ, ದುಪಟ್ಟಾ, ಜೀನ್ಸ್ ನೀರಿನಲ್ಲಿ ಅಪಾಯ. ತುಂಬು ತೋಳಿದ್ದರೆ ಬಿಸಿಲಿಗೆ ಹಚ್ಚುವ ಲೇಪನ ಕಡಿಮೆ ಸಾಕಾಗುತ್ತದೆ, ಅದು ಹವಳಕ್ಕೂ ಒಳ್ಳೆಯದು: ಇಂಥ ಲೇಪನಗಳಲ್ಲಿರುವ ಆಕ್ಸಿಬೆಂಜೋನ್ ಎಂಬ ರಾಸಾಯನಿಕವು ಹವಳಕ್ಕೆ ಕೇಡೆಂದು ಹವಾಯಿ ರಾಜ್ಯದಲ್ಲಿ 2021ರಿಂದ ಅದರ ಮಾರಾಟವನ್ನೇ ನಿಲ್ಲಿಸಲಾಗಿದೆ. ಒಣ ಬಟ್ಟೆ, ಟವೆಲ್, ಗಾಳಿ ತಡೆಯುವ ಒಂದು ತೆಳು ಜಾಕೆಟ್ ಇವನ್ನು ನೀರು ಹೊಗದ ಚೀಲದಲ್ಲಿ ಇಡಿರಿ. ಒಡವೆಗಳನ್ನು ಕೋಣೆಯಲ್ಲೇ ಬಿಟ್ಟು ಬರುವುದು ಮೇಲು.

ದೋಣಿ ಹತ್ತುವಾಗ

ನೀರಿನ ಮಟ್ಟ ನೋಡಿಕೊಂಡು ಕೆಲವೊಮ್ಮೆ ದಡದಿಂದ ಸಣ್ಣ ದೋಣಿಯಲ್ಲಿ ದೊಡ್ಡ ದೋಣಿಗೆ ದಾಟಿಸುವುದುಂಟು. ಈ ದಾಟುವಿಕೆಯಲ್ಲೇ ಕಾಲು ಉಳುಕುವುದು, ಬೆರಳು ಸಿಕ್ಕಿಕೊಳ್ಳುವುದು ಹೆಚ್ಚು. ಎರಡೂ ಕೈ ಖಾಲಿ ಇರಲಿ, ಚೀಲವನ್ನು ಬೇರೆಯವರು ದಾಟಿಸಲಿ, ದೋಣಿ ನಡೆಸುವ ತಾಂಡೇಲರು ‘ಈಗ’ ಎಂದಾಗ ಮಾತ್ರ ಹೆಜ್ಜೆ ಇಡಿರಿ. ಲೈಫ್ ಜಾಕೆಟ್ಟನ್ನು ದಡದಲ್ಲೇ ತೊಟ್ಟು ಎಲ್ಲ ಪಟ್ಟಿಗಳನ್ನೂ ಬಿಗಿದು, ಭುಜದ ಬಳಿ ಹಿಡಿದು ಮೇಲಕ್ಕೆ ಎಳೆದು ನೋಡಬೇಕು; ಅದು ಗಲ್ಲವನ್ನು ದಾಟಿ ಮೇಲೇರಿದರೆ ಅಳತೆ ದೊಡ್ಡದಾಯಿತು ಎಂದರ್ಥ. ಮಕ್ಕಳ ಜಾಕೆಟ್ಟಿಗೆ ತೊಡೆಯ ನಡುವಿನ ಪಟ್ಟಿ ಇದ್ದೇ ಇರಬೇಕು, ಇಲ್ಲದಿದ್ದರೆ ಮಗು ಕೆಳಗೆ ಜಾರಿ ಜಾಕೆಟ್ ಮೇಲೆ ತೇಲುತ್ತದೆ.

ದೋಣಿಯ ಹಿಂಭಾಗ ಮತ್ತು ನಡುಭಾಗ ಕಡಿಮೆ ಕುಣಿಯುತ್ತವೆ. ಚಿತ್ರ ತೆಗೆಯುವ ಆಸೆಗೆ ಮೂತಿಯಲ್ಲಿ ಕೂತವರೇ ಮೊದಲು ಸುಸ್ತಾಗುತ್ತಾರೆ. ಮೊಬೈಲ್ ನೋಡದೆ, ದೂರದಲ್ಲಿ ನೀರೂ ಆಕಾಶವೂ ಕೂಡುವ ಗೆರೆಯ ಮೇಲೆ ಕಣ್ಣಿಟ್ಟರೆ ಕಿವಿಯೊಳಗಿನ ಸಮತೋಲನಕ್ಕೂ ಕಣ್ಣಿಗೂ ಜಗಳ ಏಳುವುದಿಲ್ಲ. ಹೊಟ್ಟೆ ತೊಳಸಿದರೆ ಸಂಕೋಚಪಡದೆ ಹೇಳಿ, ಗಾಳಿ ಬರುವ ಕಡೆಗೆ ಬೆನ್ನು ಮಾಡಿ ಕುಳಿತೇ ವಾಂತಿ ಮಾಡಿಕೊಳ್ಳಬೇಕು. ಅಂಚಿನಾಚೆ ಬಗ್ಗಿ ನಿಲ್ಲಬಾರದು. ಒಂದರಿಂದ ಒಂದೂವರೆ ಗಂಟೆಯ ಈ ದಾರಿಯಲ್ಲಿ ಅದೃಷ್ಟವಿದ್ದರೆ ಡಾಲ್ಫಿನ್‌ಗಳು ಜೊತೆಗೂಡುತ್ತವೆ. ಹಿಂದಿರುಗಿ ನೋಡಿದರೆ 123 ಅಡಿಯ ಶಿವನ ವಿಗ್ರಹವೂ ಗೋಪುರವೂ ಕಿರಿದಾಗುತ್ತ, ಅವುಗಳ ಹಿಂದೆ ಸಹ್ಯಾದ್ರಿಯ ಸಾಲು ಮೇಲೇಳುತ್ತ ಬರುವ ನೋಟವನ್ನು ಮಕ್ಕಳಿಗೆ ತೋರಿಸಿರಿ.

ನೀರಿನಲ್ಲಿ

ನೇತ್ರಾಣಿಯ ಬಳಿ ದೋಣಿ ನಿಲ್ಲುವಲ್ಲಿ ಕಾಲಿಗೆ ನೆಲ ಸಿಗುವುದಿಲ್ಲ. ಕೆರೆ ಬಾವಿಗಳಲ್ಲಿ ಈಜು ಕಲಿತವರೂ ಜಾಕೆಟ್ ಬಿಚ್ಚಬಾರದು. ಈಜು ಬಾರದವರು ಜಾಕೆಟ್ ತೊಟ್ಟು, ಮಾರ್ಗದರ್ಶಕರು ಹಿಡಿದ ತೇಲುಬಳೆಗೆ ಕೈಯಿಟ್ಟುಕೊಂಡು ನೋಡಬಹುದು; ಭಯವಾದರೆ ಏಣಿಯ ಬಳಿಯೇ ಐದು ನಿಮಿಷ ತೇಲಿ ಅಭ್ಯಾಸ ಮಾಡಿಕೊಳ್ಳಬಹುದು.

ಮೊದಲು ಮಾಸ್ಕ್. ಪಟ್ಟಿ ಹಾಕದೆ ಮುಖಕ್ಕೆ ಒತ್ತಿ ಮೂಗಿನಿಂದ ಉಸಿರೆಳೆದಾಗ ಅದು ಬೀಳದೆ ಅಂಟಿಕೊಂಡರೆ ಅಳತೆ ಸರಿ. ಒಂದು ಕೂದಲೆಳೆ ಸಿಕ್ಕಿಕೊಂಡರೂ ನೀರು ಒಸರುತ್ತದೆ, ಮೀಸೆ ಇದ್ದವರಿಗೆ ತುಸು ಒಸರುವುದು ಸಹಜ. ಗಾಜಿನ ಒಳಬದಿಗೆ ಉಗುಳು ಸವರಿ ಒಮ್ಮೆ ತೊಳೆದರೆ ಮಂಜು ಕಟ್ಟುವುದಿಲ್ಲ. ಆಮೇಲೆ ಕೊಳವೆ. ಬಾಯಿಂದ ಮಾತ್ರ, ನಿಧಾನವಾಗಿ, ದೀರ್ಘವಾಗಿ ಉಸಿರಾಡುವುದನ್ನು ದೋಣಿಯಲ್ಲಿ ಕುಳಿತೇ ಐದು ನಿಮಿಷ ಅಭ್ಯಾಸ ಮಾಡಿರಿ. ಕೊಳವೆಗೆ ನೀರು ನುಗ್ಗಿದರೆ ಜೋರಾಗಿ ಊದಿದರಾಯಿತು. ಆಗದಿದ್ದರೆ ತಲೆ ಎತ್ತಿ, ಕೊಳವೆ ಉಗುಳಿ ಉಸಿರಾಡಿರಿ. ಜಾಕೆಟ್ ಎತ್ತಿ ಹಿಡಿದಿರುತ್ತದೆ, ಅವಸರವೇನಿಲ್ಲ.

ದೋಣಿಯಿಂದ ಧುಮುಕುವ ಬದಲು ಏಣಿಯಿಂದ ಇಳಿಯುವುದು ಒಳ್ಳೆಯದು. ಇಳಿದೊಡನೆ ಒಂದು ನಿಮಿಷ ಸುಮ್ಮನೆ ತೇಲಿ, ನೀರು ನಿಮ್ಮನ್ನು ಯಾವ ಕಡೆಗೆ ಒಯ್ಯುತ್ತಿದೆ ಎಂದು ಗಮನಿಸಿರಿ. ಸೆಳೆತದ ಎದುರು ದಿಕ್ಕಿಗೆ ಮೊದಲು ಈಜಿ, ಮರಳುವಾಗ ಅದರ ಸಹಾಯ ಪಡೆಯಬೇಕು; ಸೆಳೆತದ ಜೊತೆಗೆ ಹೊರಟವರು ದಣಿದ ಮೇಲೆ ಅದರ ವಿರುದ್ಧ ಈಜಬೇಕಾಗುತ್ತದೆ. ಇಬ್ಬಿಬ್ಬರು ಜೋಡಿಯಾಗಿರಿ, ಪ್ರತಿ ಕೆಲವು ನಿಮಿಷಕ್ಕೆ ತಲೆ ಎತ್ತಿ ಜೋಡಿಯನ್ನೂ ದೋಣಿಯನ್ನೂ ನೋಡಿಕೊಳ್ಳಿರಿ. ಕೆಳಗಿನ ಲೋಕದ ಮೋಹದಲ್ಲಿ ಹೊತ್ತೂ ದೂರವೂ ಮರೆತುಹೋಗುತ್ತವೆ. ನೀರಿನಲ್ಲಿ ವಸ್ತುಗಳು ಇರುವುದಕ್ಕಿಂತ ಸುಮಾರು ಮೂರನೇ ಒಂದು ಪಾಲು ದೊಡ್ಡದಾಗಿ ಕಾಣುವುದರಿಂದ, ಗಿಳಿಯ ಕೊಕ್ಕಿನಂಥ ಬಾಯಿಯ ಮೀನು, ಚಿಟ್ಟೆಯಂತೆ ಬಣ್ಣ ಬಳಿದ ಮೀನು, ಬಂಡೆಯ ಸಂದಿಯಿಂದ ಹಣಕುವ ಹಾವುಮೀನು ಎಲ್ಲವೂ ಕೈಗೆ ಸಿಗುವಂತೆ ತೋರುತ್ತವೆ. ಕೈ ಚಾಚಬೇಡಿರಿ. ಹವಳವು ಕಲ್ಲಿನಂತೆ ಕಂಡರೂ ಜೀವಂತ ಪ್ರಾಣಿಗಳ ಕೇರಿ; ವರ್ಷಕ್ಕೆ ಒಂದೆರಡು ಸೆಂಟಿಮೀಟರ್ ಬೆಳೆದರೆ ಹೆಚ್ಚು ಎನ್ನುವಂಥ ಹವಳವನ್ನು ಒಂದು ಕಾಲಿನ ಒದೆತ ಮುರಿಯಬಲ್ಲದು. ಅದರ ತುಂಡನ್ನು ನೆನಪಿಗೆಂದು ತರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧವೂ ಹೌದು.

ಮುಳ್ಳುಚೆಂಡಿನಂಥ ಸೀ ಅರ್ಚಿನ್‌ಗಳು ಬಂಡೆಗೆ ಅಂಟಿಕೊಂಡಿರುವುದರಿಂದ ಬಂಡೆಯ ಮೇಲೆ ಕಾಲೂರಬಾರದು. ಲೋಳೆಮೀನು ತಾಗಿ ಉರಿ ಎದ್ದರೆ ಉಜ್ಜದೆ, ಮರಳು ತಿಕ್ಕದೆ, ಸಿಹಿನೀರು ಹಾಕದೆ, ಕಡಲ ನೀರಿನಲ್ಲೇ ತೊಳೆದು, ಅಂಟಿಕೊಂಡ ಎಳೆಗಳನ್ನು ಬರಿಗೈಯಿಂದಲ್ಲದೆ ಬೇರೆ ಯಾವುದರಿಂದಲಾದರೂ ತೆಗೆಯಬೇಕು. ದಡಕ್ಕೆ ಬಂದ ಮೇಲೆ ಸಹಿಸುವಷ್ಟು ಬಿಸಿಯಾದ ನೀರಿನಲ್ಲಿ ಆ ಭಾಗವನ್ನು ಇಪ್ಪತ್ತು ನಿಮಿಷ ಅದ್ದಿಟ್ಟರೆ ನೋವು ಇಳಿಯುತ್ತದೆ. ಉಸಿರಾಟಕ್ಕೆ ತೊಂದರೆಯಾದರೆ ಕಾಯದೆ ಆಸ್ಪತ್ರೆಗೆ ಒಯ್ಯಬೇಕು.

ನೀರು ಬೆಚ್ಚಗಿದೆ ಎಂದು ಎಷ್ಟು ಹೊತ್ತಾದರೂ ಇರಬಹುದೆಂದು ತೋರುತ್ತದೆ. ಆದರೆ ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಶಾಖವನ್ನು ಕದಿಯುತ್ತದೆ. ಮಕ್ಕಳ ತುಟಿ ನೀಲಿಗಟ್ಟುವ ಮೊದಲೇ, ಇಪ್ಪತ್ತು ಇಪ್ಪತ್ತೈದು ನಿಮಿಷಕ್ಕೆ, ಮೇಲೆ ಕರೆದುಕೊಳ್ಳಿರಿ. ದೊಡ್ಡವರಿಗೆ ಮುಕ್ಕಾಲು ಗಂಟೆ ಧಾರಾಳ. ತಾಂಡೇಲರು ‘ಗಾಳಿ ಎದ್ದಿತು, ಇನ್ನು ಹತ್ತಿ’ ಎಂದರೆ ಅದೇ ಕೊನೆಯ ಮಾತು; ‘ಅಣ್ಣ, ಇನ್ನೈದು ನಿಮಿಷ’ ಎಂಬ ಬೇಡಿಕೆ ಬೇಡ.

ಮೇಲೆ ಬಂದು ಮೈ ಒರೆಸಿ, ಒಣ ಬಟ್ಟೆ ಹೊದ್ದು, ಬುತ್ತಿ ಬಿಚ್ಚಿ ತಿನ್ನುತ್ತ ತಲೆ ಎತ್ತಿ ದ್ವೀಪವನ್ನು ನೋಡಿರಿ. ಬಿಳಿ ಹೊಟ್ಟೆಯ ಕಡಲ ಹದ್ದುಗಳು ಕಡಿದಾದ ಬಂಡೆಗಳ ಮೇಲೆ ಸುತ್ತುತ್ತಿರುತ್ತವೆ, ಗುಹೆಗಳಲ್ಲಿ ಗೂಡು ಕಟ್ಟುವ ಸ್ವಿಫ್ಟ್‌ಲೆಟ್ ಹಕ್ಕಿಗಳ ಸಂಚಾರವೂ ಇದೆ. ಮೀನುಗಾರರು ಹರಕೆಯೆಂದು ಬಿಟ್ಟ ಆಡುಗಳೂ ಅಲ್ಲಿ ಬದುಕಿಕೊಂಡಿವೆ. ದ್ವೀಪದ ಮೇಲೆ ಇಳಿಸಿರೆಂದು ದೋಣಿಯವರನ್ನು ಒತ್ತಾಯಿಸಬಾರದು; ನೌಕಾಪಡೆಯು ಈ ದ್ವೀಪವನ್ನು ಗುಂಡಿನ ಅಭ್ಯಾಸದ ಗುರಿಯಾಗಿ ಬಳಸಿದ್ದುಂಟು, ಹಕ್ಕಿಗಳ ಗೂಡುಗಳಿಗೂ ನಮ್ಮ ಕಾಲ್ತುಳಿತ ಒಳ್ಳೆಯದಲ್ಲ.

ಮರಳುವ ದಾರಿ ಮತ್ತು ಆಮೇಲೆ

ಮರಳುವಾಗ ಗಾಳಿ ಬೆನ್ನ ಹಿಂದಿನಿಂದ ಬೀಸಿದರೂ ನೀರಿನ ಹನಿಗಳು ಸಿಡಿದು ಮೈ ತಣ್ಣಗಾಗುತ್ತದೆ. ತೆಳು ಜಾಕೆಟ್ ತಂದದ್ದು ಈ ಗಳಿಗೆಗಾಗಿಯೇ. ದಣಿದ ಮಕ್ಕಳು ನಿದ್ದೆ ಹೋಗುತ್ತಾರೆ, ಅವರ ಲೈಫ್ ಜಾಕೆಟ್ ಬಿಚ್ಚಬಾರದು. ದಾರಿಯಲ್ಲಿ ದೋಣಿ ಕೆಟ್ಟು ನಿಂತರೆ ಎಲ್ಲರೂ ಒಂದೇ ಬದಿಗೆ ಏಳದೆ ಕುಳಿತಲ್ಲೇ ಇರಬೇಕು. ಕರಾವಳಿ ರಕ್ಷಣಾ ಪಡೆಯ ತುರ್ತು ಸಂಖ್ಯೆ 1554, ಕರಾವಳಿ ಕಾವಲು ಪೊಲೀಸರದು 1093, ಎಲ್ಲಕ್ಕೂ ಸಲ್ಲುವುದು 112. ಈ ಮೂರನ್ನೂ ಹೊರಡುವ ಮೊದಲೇ ಮೊಬೈಲಿನಲ್ಲಿ ಬರೆದಿಟ್ಟುಕೊಂಡು, ಯಾವ ದೋಣಿಯಲ್ಲಿ ಹೋಗುತ್ತೇವೆ, ಎಷ್ಟು ಗಂಟೆಗೆ ಮರಳುತ್ತೇವೆ ಎಂಬುದನ್ನು ದಡದಲ್ಲಿ ಒಬ್ಬರಿಗಾದರೂ ತಿಳಿಸಿ ಹೋಗಿರಬೇಕು.

ದಡ ಸೇರಿದ ಮೇಲೆ ಒಂದು ವಿಚಿತ್ರ ಧೈರ್ಯ ಬಂದಿರುತ್ತದೆ. ನಡುಗಡಲಿನಲ್ಲಿ ಈಜಿ ಬಂದವರಿಗೆ ದಡದ ಅಲೆ ಯಾವ ಲೆಕ್ಕ ಎಂದು ತೋರಿ, ಹುಡುಗರು ಮತ್ತೆ ನೀರಿಗೆ ಓಡುತ್ತಾರೆ. ಅಲ್ಲಿ ತಡೆಯಬೇಕು. ದೋಣಿಯ ಬಳಿ ಜಾಕೆಟ್, ಏಣಿ, ಮಾರ್ಗದರ್ಶಕ ಎಲ್ಲವೂ ಇದ್ದವು. ದಡದಲ್ಲಿ ಅಲೆ ಒಡೆದು ಮರಳುವ ಸೆಳೆತ ಮಾತ್ರ ಇರುತ್ತದೆ, ಅದು ಮೊಣಕಾಲು ಮಟ್ಟದ ನೀರಿನಿಂದಲೂ ಎಳೆದೊಯ್ಯಬಲ್ಲದು. 2024ರ ಡಿಸೆಂಬರ್‌ನಲ್ಲಿ ಇದೇ ಮುರುಡೇಶ್ವರದ ತೀರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಕೆಂಪು ಬಾವುಟವಿದ್ದಲ್ಲಿ, ಕಾವಲಿನವರು ಬೇಡವೆಂದಲ್ಲಿ ಪಾದ ಕೂಡ ಒದ್ದೆ ಮಾಡಿಕೊಳ್ಳದಿರಿ.

ಸಿಹಿನೀರಿನ ಸ್ನಾನ, ಕಿವಿಯೊಳಗಿನ ನೀರು ತಲೆ ಓರೆ ಮಾಡಿ ಬಸಿಯುವುದು, ಮಾಸ್ಕ್ ಸ್ವಂತದ್ದಾದರೆ ತೊಳೆದು ನೆರಳಿನಲ್ಲಿ ಒಣಗಿಸುವುದು, ಇಷ್ಟಾದ ಮೇಲೆ ಬಿಸಿ ಕುಚ್ಚಲಕ್ಕಿ ಅನ್ನ ಮತ್ತು ಸಾರು. ಬೆಳಿಗ್ಗೆ ಬೇಡವೆಂದಿದ್ದ ಹುರಿದ ಮೀನಿಗೂ ಗೋಳಿಬಜೆಗೂ ಈಗ ಅಡ್ಡಿಯಿಲ್ಲ. ಸಂಜೆಯವರೆಗೆ ಮಲಗಿದಾಗ ಹಾಸಿಗೆ ತೂಗಿದಂತೆ ಅನಿಸಬಹುದು, ಒಂದು ನಿದ್ದೆಯಲ್ಲಿ ಅದು ಇಳಿಯುತ್ತದೆ.

ಗುಂಪಿನಲ್ಲಿ ಯಾರಾದರೂ ಸ್ಕೂಬಾ ಮಾಡಿದ್ದರೆ ಅವರಿಗೆ ಇನ್ನೊಂದು ನಿಯಮವಿದೆ. ಒತ್ತಡದ ಗಾಳಿ ಉಸಿರಾಡಿದಾಗ ರಕ್ತದಲ್ಲಿ ಕರಗಿದ ಸಾರಜನಕ ನಿಧಾನವಾಗಿ ಹೊರಹೋಗಬೇಕು, ಎತ್ತರದ ಜಾಗಕ್ಕೆ ಬೇಗ ಏರಿದರೆ ಅದು ಗುಳ್ಳೆಗಳಾಗಿ ಕೀಲು ನರಗಳಿಗೆ ತೊಂದರೆ ಕೊಡಬಲ್ಲದು. ಒಂದೇ ಸಲ ಇಳಿದವರು ಕನಿಷ್ಠ 12 ಗಂಟೆ, ಹಲವು ಸಲ ಇಳಿದವರು 18 ಗಂಟೆ ವಿಮಾನ ಹತ್ತಬಾರದೆಂಬುದು ಮುಳುಗುಗಾರರ ರೂಢಿಯ ಲೆಕ್ಕ; ಅದೇ ಎಚ್ಚರಿಕೆಯಿಂದ, ಅಂದೇ ಸಂಜೆ ಘಟ್ಟ ಹತ್ತಿ ಜೋಗ ನೋಡಿಕೊಂಡು ಬೆಂಗಳೂರಿಗೆ ಹೊರಡುವ ಯೋಜನೆಯನ್ನು ಮರುದಿನಕ್ಕೆ ಹಾಕಿ, ಆ ರಾತ್ರಿಯನ್ನೂ ಕಡಲ ಮಟ್ಟದಲ್ಲೇ ಕಳೆಯಿರಿ. ಸ್ನಾರ್ಕೆಲ್ ಮಾತ್ರ ಮಾಡಿದವರಿಗೆ ಈ ನಿರ್ಬಂಧವಿಲ್ಲ.